ಮೊದಲ ಪರೀಕ್ಷೆ ಗಂಡನದ್ದಾಗಲಿ



ಮದುವೆಯಾಗಿ ವರ್ಷ ತುಂಬುವುದರೊಳಗೆ ಊರಿನಿಂದ ಫೋನ್ ಬರಲು ಶುರುವಾಗುತ್ತದೆ. "ಏನಾದ್ರೂ ವಿಶೇಷ ಉಂಟಾ?" ಈ ಪ್ರಶ್ನೆ ಕೇಳುವುದು ಸೊಸೆಯ ಹತ್ತಿರ, ಮಗಳ ಹತ್ತಿರ. ಮಗನನ್ನಾಗಲಿ ಅಳಿಯನನ್ನಾಗಲಿ ಯಾರೂ ಕೇಳುವುದಿಲ್ಲ. ಎರಡನೇ ವರ್ಷಕ್ಕೆ ಪ್ರಶ್ನೆ ಹೋಗಿ ಸಲಹೆ ಬರುತ್ತದೆ. ಮೂರನೇ ವರ್ಷಕ್ಕೆ ಸಲಹೆ ಹೋಗಿ ಕೊಂಕು ಮಾತು ಬರುತ್ತದೆ. ಅಷ್ಟರಲ್ಲಿ ಆ ಹೆಣ್ಣುಮಗಳು ನಾಲ್ಕೈದು ಸ್ಕ್ಯಾನಿಂಗ್, ಹತ್ತಾರು ರಕ್ತಪರೀಕ್ಷೆ, ಕೆಲವೊಮ್ಮೆ ಒಂದು ಆಪರೇಷನ್ ಕೂಡ ಮುಗಿಸಿರುತ್ತಾಳೆ. ಗಂಡನ ಒಂದು ಪರೀಕ್ಷೆಯೂ ಆಗಿರುವುದಿಲ್ಲ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು. ಮಗುವಾಗಲಿಲ್ಲವೆಂದು ಡಾಕ್ಟರ ಬಳಿ ಹೋಗುವಾಗ ಗಂಡ ಹೆಂಡತಿ ಒಟ್ಟಿಗೆ ಹೋಗಬೇಕು, ಮತ್ತು ಮೊದಲ ಪರೀಕ್ಷೆ ಗಂಡನದ್ದಾಗಬೇಕು.

ಹೃದಯದ ಡಾಕ್ಟರಿಗೆ ಈ ವಿಷಯ ಯಾಕೆ ಎಂದು ನೀವು ಕೇಳಬಹುದು. ಚಿಕಿತ್ಸೆ ಕೊಡುವವರು ಸ್ತ್ರೀರೋಗ ತಜ್ಞರು, ಸಂತಾನ ಚಿಕಿತ್ಸೆಯ ತಜ್ಞರು. ಅವರ ಕೆಲಸಕ್ಕೆ ನಾನು ಕೈ ಹಾಕುತ್ತಿಲ್ಲ. ಆದರೆ ಮೂವತ್ತು, ಮೂವತ್ತೈದರಲ್ಲೇ ಬಿಪಿ, ಶುಗರ್, ಕೊಲೆಸ್ಟ್ರಾಲ್ ಎಂದು ನಮ್ಮ ಬಳಿ ಬರುವವರ ಕತೆ ಕೇಳುತ್ತಾ ಹೋದರೆ, ಮಕ್ಕಳಾಗದ ಕೊರಗೂ ಅದೇ ಮನೆಯಲ್ಲಿ ಇರುವುದು ಎಷ್ಟೋ ಸಲ ಗೊತ್ತಾಗುತ್ತದೆ. ಹೃದಯದ ರಕ್ತನಾಳವನ್ನು ಕೆಡಿಸುವ ತಂಬಾಕು, ಬೊಜ್ಜು, ಸಕ್ಕರೆ ಕಾಯಿಲೆ, ನಿದ್ದೆಗೇಡಿತನ ಇವೇ ಸಂತಾನ ಶಕ್ತಿಯನ್ನೂ ಕುಗ್ಗಿಸುತ್ತವೆ. ಹಾಗಾಗಿ ಇದು ನನ್ನ ವಿಷಯವೂ ಹೌದು.

*ಯಾವಾಗ ಸಮಸ್ಯೆ ಎನ್ನಬೇಕು?*

ಗಂಡ ಹೆಂಡತಿ ಒಟ್ಟಿಗಿದ್ದು, ಯಾವ ಗರ್ಭನಿರೋಧಕವೂ ಇಲ್ಲದೆ, ನಿಯಮಿತವಾಗಿ ಕೂಡುತ್ತಿದ್ದು 12 ತಿಂಗಳಾದರೂ ಗರ್ಭ ನಿಲ್ಲದಿದ್ದರೆ ವೈದ್ಯಕೀಯದಲ್ಲಿ ಅದನ್ನು ಸಂತಾನ ಸಮಸ್ಯೆ ಎನ್ನುತ್ತೇವೆ. ಹೆಂಡತಿಗೆ 35 ದಾಟಿದ್ದರೆ 6 ತಿಂಗಳು ಕಾದರೆ ಸಾಕು. 40 ದಾಟಿದ್ದರೆ ಕಾಯುವುದೇ ಬೇಡ. ಮುಟ್ಟು ತೀರಾ ಏರುಪೇರಾಗಿದ್ದರೆ, ಹಿಂದೆ ಟಿಬಿ ಆಗಿದ್ದರೆ, ಗಂಡನಿಗೆ ವೃಷಣದ ಆಪರೇಷನ್ ಆಗಿದ್ದರೆ ಕೂಡ ವರ್ಷ ಕಾಯಬೇಕಾಗಿಲ್ಲ.

ಎಳೆಯ ವಯಸ್ಸಿನ ಆರೋಗ್ಯವಂತ ಜೋಡಿಗೂ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಂಭವ ನಾಲ್ಕೈದರಲ್ಲಿ ಒಂದು ಪಾಲು ಮಾತ್ರ. ವರ್ಷದೊಳಗೆ ನೂರರಲ್ಲಿ ಸುಮಾರು 85 ಜೋಡಿಗೆ ಆಗುತ್ತದೆ. ಆದ್ದರಿಂದ ಮೂರು ತಿಂಗಳಿಗೇ ಗಾಬರಿಯಾಗುವುದೂ ಸರಿಯಲ್ಲ, ಐದು ವರ್ಷ ಸುಮ್ಮನೆ ಕೂರುವುದೂ ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ ಪ್ರಕಾರ ಜಗತ್ತಿನಲ್ಲಿ ಸುಮಾರು ಆರು ಜನರಲ್ಲಿ ಒಬ್ಬರು ಬದುಕಿನ ಯಾವುದೋ ಘಟ್ಟದಲ್ಲಿ ಈ ಸಮಸ್ಯೆ ಎದುರಿಸುತ್ತಾರೆ. ನಿಮ್ಮ ಸೊಸೈಟಿಯಲ್ಲಿ ಒಂದು ಮಹಡಿಗೆ ಆರು ಮನೆಯಿದ್ದರೆ ಲೆಕ್ಕ ಹಾಕಿ ನೋಡಿ. ಇದು ಯಾರ ಪಾಪದ ಫಲವೂ ಅಲ್ಲ, ಅಪರೂಪದ ಕಾಯಿಲೆಯೂ ಅಲ್ಲ.

ಊರು ಬಿಟ್ಟು ಬಂದ ನಮ್ಮಂಥವರಿಗೆ ಇಲ್ಲೊಂದು ವಿಶೇಷ ತೊಡಕಿದೆ. ಗಂಡ ಮುಂಬಯಿಯ ಹೋಟೆಲಿನಲ್ಲಿ, ಹೆಂಡತಿ ಕುಂದಾಪುರದ ಕಡೆ ಅತ್ತೆ ಮನೆಯಲ್ಲಿ, ವರ್ಷಕ್ಕೆ ಎರಡು ಸಲ ಊರಿಗೆ ಹೋಗಿ ಬರುವುದು. ಅಥವಾ ಪುಣೆ, ಹೈದರಾಬಾದಿನಲ್ಲಿ ಇಬ್ಬರೂ ಕೆಲಸದಲ್ಲಿ, ಒಬ್ಬರದು ಹಗಲು ಪಾಳಿ, ಇನ್ನೊಬ್ಬರದು ರಾತ್ರಿ ಪಾಳಿ. ಮದುವೆಯಾಗಿ ನಾಲ್ಕು ವರ್ಷ ಎಂದು ಲೆಕ್ಕ ಹೇಳುತ್ತಾರೆ, ಕೂಡಿ ಬಾಳಿದ್ದು ನಾಲ್ಕು ತಿಂಗಳೂ ಇರುವುದಿಲ್ಲ. ತಿಂಗಳಲ್ಲಿ ಗರ್ಭ ನಿಲ್ಲುವ ದಿನಗಳು ಸುಮಾರು ಆರೇ: ಅಂಡ ಬಿಡುಗಡೆಯಾಗುವ ದಿನ ಮತ್ತು ಅದರ ಹಿಂದಿನ ಐದು ದಿನ. 28 ದಿನಕ್ಕೊಮ್ಮೆ ಮುಟ್ಟಾಗುವವರಲ್ಲಿ ಅಂಡ ಬಿಡುಗಡೆ ಸಾಮಾನ್ಯವಾಗಿ 14ನೇ ದಿನದ ಆಸುಪಾಸು. ಆ ದಿನಗಳಲ್ಲಿ ಇಬ್ಬರೂ ಒಂದೂರಿನಲ್ಲಿ ಇಲ್ಲದಿದ್ದರೆ ಔಷಧಿ ಏನು ಮಾಡೀತು? ಇಂಥವರಿಗೆ ಮೊದಲು ಬೇಕಿರುವುದು ಒಂದು ಬಾಡಿಗೆ ಮನೆ. ದಿನ ಲೆಕ್ಕ ಹಾಕುವುದು ಕಿರಿಕಿರಿ ಎನಿಸಿದರೆ ಎರಡು ಮೂರು ದಿನಕ್ಕೊಮ್ಮೆ ಕೂಡಿದರೆ ಸಾಕು.

*ಹೆಸರೇ ಇಲ್ಲದ ಗಂಡಸು*

ನಮ್ಮ ಭಾಷೆಯನ್ನೇ ನೋಡಿ. ಮಕ್ಕಳಾಗದ ಹೆಂಗಸಿಗೆ 'ಬಂಜೆ' ಎಂಬ ಪದವಿದೆ. ಗಂಡಸಿಗೆ? 'ಷಂಡ', 'ನಪುಂಸಕ' ಎಂಬ ಬೈಗುಳಗಳಿವೆ, ಆದರೆ ಅವು ಸಂಭೋಗ ಸಾಧ್ಯವಾಗದವನನ್ನು ಕುರಿತದ್ದು. ಮಿಕ್ಕೆಲ್ಲ ರೀತಿಯಲ್ಲೂ ಸರಿಯಿದ್ದು, ವೀರ್ಯದಲ್ಲಿ ವೀರ್ಯಾಣು ಮಾತ್ರ ಕಡಿಮೆ ಇರುವ ಗಂಡಸಿಗೆ ನಮ್ಮ ಆಡುಮಾತಿನಲ್ಲಿ ಹೆಸರೇ ಇಲ್ಲ. ಹೆಸರಿಲ್ಲದ್ದರಿಂದ ಅಂಥವನೊಬ್ಬ ಇರಬಹುದೆಂದೇ ನಮಗೆ ಹೊಳೆಯುವುದಿಲ್ಲ. "ಅವನಿಗೇನಾಗಿದೆ, ಗಟ್ಟಿಮುಟ್ಟಾಗಿದ್ದಾನೆ" ಎಂದು ಅತ್ತೆ ಹೇಳಿದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ವಾಸ್ತವ ಬೇರೆ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ, ಕೆಲವರಲ್ಲಿ ಅದೊಂದೇ ಕಾರಣ, ಕೆಲವರಲ್ಲಿ ಹೆಂಡತಿಯ ತೊಂದರೆಯ ಜೊತೆಗೆ. ಗಂಡಸುತನಕ್ಕೂ ವೀರ್ಯಾಣುವಿನ ಸಂಖ್ಯೆಗೂ ನೇರ ಸಂಬಂಧವಿಲ್ಲ. ಮೀಸೆ, ಮೈಕಟ್ಟು, ಉತ್ಸಾಹ ಎಲ್ಲ ಇದ್ದು ವೀರ್ಯಾಣು ಸೊನ್ನೆ ಇರಬಹುದು. ವೀರ್ಯ ನೋಡಲು ಮಾಮೂಲಿನಂತೆಯೇ ಇರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡದೆ ಯಾರೂ ಹೇಳಲಾರರು.

ಈಗ ಎರಡು ಕಡೆಯ ಪರೀಕ್ಷೆಗಳನ್ನು ತೂಗಿ ನೋಡಿ. ಹೆಂಡತಿಗೆ ಗರ್ಭನಾಳ ತೆರೆದಿದೆಯೇ ಎಂದು ನೋಡಲು ಬಣ್ಣದ ದ್ರವ ಬಿಟ್ಟು ಎಕ್ಸ್‌ರೇ ತೆಗೆಯಬೇಕು, ಅದು ನೋವಿನದು. ಲ್ಯಾಪರೋಸ್ಕೋಪಿಗೆ ಅರಿವಳಿಕೆ ಕೊಟ್ಟು ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಬೇಕು. ಗಂಡನ ವೀರ್ಯ ಪರೀಕ್ಷೆಗೆ ಸೂಜಿಯೂ ಬೇಡ, ರಜೆಯೂ ಬೇಡ, ಖರ್ಚೂ ಕಡಿಮೆ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ರಿಪೋರ್ಟ್ ಕೈಗೆ ಬರುತ್ತದೆ. ಸುಲಭದ್ದನ್ನು ಬಿಟ್ಟು ಕಷ್ಟದ್ದರಿಂದ ಶುರು ಮಾಡುವುದು ಯಾವ ನ್ಯಾಯ? ಗಂಡನ ಪರೀಕ್ಷೆಯಾಗದೆ ಹೆಂಡತಿಗೆ ಲ್ಯಾಪರೋಸ್ಕೋಪಿ ಮಾಡೋಣ ಎಂದು ಯಾರಾದರೂ ಹೇಳಿದರೆ, "ಮೊದಲು ಇವರದ್ದು ನೋಡೋಣವೇ ಡಾಕ್ಟ್ರೇ?" ಎಂದು ಕೇಳುವ ಹಕ್ಕು ನಿಮಗಿದೆ.

*ವೀರ್ಯ ಪರೀಕ್ಷೆ: ತಿಳಿದಿರಬೇಕಾದ್ದು*

ಪರೀಕ್ಷೆಗೆ ಮೊದಲು 2ರಿಂದ 7 ದಿನ ವೀರ್ಯ ಹೊರಹೋಗದಂತೆ ಇರಬೇಕು. ಮಾದರಿಯನ್ನು ಲ್ಯಾಬಿನಲ್ಲೇ ಕೊಡುವುದು ಒಳ್ಳೆಯದು. ಮನೆಯಿಂದ ತಂದರೆ ಒಂದು ಗಂಟೆಯೊಳಗೆ, ಮೈಯ ಬಿಸಿಗೆ ಹತ್ತಿರವಿಟ್ಟು ತಲುಪಿಸಬೇಕು. ಮುಂಬಯಿಯ ಲೋಕಲ್ ಟ್ರೇನಿನಲ್ಲಿ ವಿರಾರಿನಿಂದ ದಾದರಿಗೆ ತರುವ ಕೆಲಸ ಇದಲ್ಲ. ಮನೆ ಹತ್ತಿರದ ಒಳ್ಳೆಯ ಲ್ಯಾಬ್ ಹುಡುಕಿ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಂತೆ ಕನಿಷ್ಠ ಮಟ್ಟಗಳು ಹೀಗಿವೆ: ಪ್ರಮಾಣ 1.4 ಮಿಲಿ, ಒಂದು ಮಿಲಿಯಲ್ಲಿ 1 ಕೋಟಿ 60 ಲಕ್ಷ ವೀರ್ಯಾಣು, ಚಲಿಸುವವು ನೂರಕ್ಕೆ 42, ಸರಿಯಾದ ಆಕಾರದವು ನೂರಕ್ಕೆ 4. ಹೌದು, ನಾಲ್ಕೇ. "ನೂರರಲ್ಲಿ 95 ಕೆಟ್ಟಿವೆಯಂತೆ" ಎಂದು ರಿಪೋರ್ಟ್ ಹಿಡಿದು ಕುಸಿದು ಕೂರುವವರು ಇದನ್ನು ನೆನಪಿಡಬೇಕು. ಈ ಮಟ್ಟಕ್ಕಿಂತ ಕಡಿಮೆ ಇದ್ದವರಿಗೂ ಮಕ್ಕಳಾಗಿವೆ, ಮೇಲಿದ್ದವರಿಗೂ ತಡವಾಗಿದೆ. ಒಂದೇ ರಿಪೋರ್ಟ್ ನಂಬಬೇಡಿ. ಸರಿಯಿಲ್ಲವೆಂದು ಬಂದರೆ ಇನ್ನೊಮ್ಮೆ ಮಾಡಿಸಿ. ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಬೇಕು. ಎರಡು ತಿಂಗಳ ಹಿಂದೆ ಡೆಂಗಿ, ಟೈಫಾಯಿಡ್ ಬಂದು ಜೋರು ಜ್ವರ ಇದ್ದಿದ್ದರೆ ಇಂದಿನ ರಿಪೋರ್ಟ್ ಕೆಟ್ಟು ಕಾಣಬಹುದು.

*ಗಂಡಸರಲ್ಲಿ ಕಾರಣಗಳು*

ಹೆಚ್ಚಾಗಿ ಕಾಣುವುದು ವೇರಿಕೋಸೀಲ್, ಅಂದರೆ ವೃಷಣದ ಸುತ್ತಲಿನ ರಕ್ತನಾಳ ಊದಿಕೊಳ್ಳುವುದು. ಕಾಲಿನಲ್ಲಿ ನರ ಉಬ್ಬಿದಂತೆಯೇ ಇದೂ. ಗಂಡಸರಲ್ಲಿ ನೂರಕ್ಕೆ ಸುಮಾರು 15 ಜನರಿಗೆ ಇರುತ್ತದೆ, ವೀರ್ಯಾಣು ಕಡಿಮೆ ಇರುವವರಲ್ಲಿ ಇನ್ನೂ ಹೆಚ್ಚು. ಎಲ್ಲರಿಗೂ ಆಪರೇಷನ್ ಬೇಡ. ಯಾರಿಗೆ ಬೇಕೆಂದು ಯೂರಾಲಜಿಸ್ಟ್ ಮುಟ್ಟಿ ನೋಡಿ ಹೇಳುತ್ತಾರೆ. ಪ್ರಾಯಕ್ಕೆ ಬಂದ ಮೇಲೆ ಬಂದ ಮಂಗನಬಾವು ವೃಷಣಕ್ಕಿಳಿದಿದ್ದರೆ, ಹುಟ್ಟಿದಾಗ ವೃಷಣ ಕೆಳಗಿಳಿಯದೆ ಇದ್ದಿದ್ದರೆ ಅದೂ ಕಾರಣವಾಗಬಹುದು. ನಿಮ್ಮ ಅಮ್ಮನನ್ನು ಕೇಳಿ, ಅವರಿಗೆ ನೆನಪಿರುತ್ತದೆ.

ಬಿಸಿಯೂ ಒಂದು ಕಾರಣ. ವೃಷಣ ದೇಹದ ಹೊರಗೆ ತೂಗುತ್ತಿರುವುದೇ ಮೈಗಿಂತ ಎರಡು ಮೂರು ಡಿಗ್ರಿ ತಂಪಾಗಿರಲೆಂದು. ಮಾಟುಂಗದಿಂದ ಹಿಡಿದು ಈ ಮಹಾನಗರಗಳ ಗಲ್ಲಿಗಲ್ಲಿಯಲ್ಲಿ ಉಡುಪಿ ಹೋಟೆಲು ನಡೆಸಿದವರು ನಮ್ಮವರೇ. ದೋಸೆ ಕಾವಲಿಯ ಮುಂದೆ, ದೊಡ್ಡ ಒಲೆಗಳ ನಡುವೆ ದಿನಕ್ಕೆ ಹತ್ತು ಗಂಟೆ ನಿಲ್ಲುವ ಹುಡುಗರಿಗೆ ಈ ಮಾತು ಯಾರೂ ಹೇಳಿರುವುದಿಲ್ಲ. ಕೆಲಸ ಬಿಡಿ ಎಂದು ನಾನು ಹೇಳಲಾರೆ, ಹೊಟ್ಟೆಪಾಡು. ಆದರೆ ಮಗು ಬೇಕೆಂದಿರುವ ಆ ಆರು ತಿಂಗಳು, ಒಂದು ವರ್ಷ ಕಾವಲಿಯಿಂದ ಕೌಂಟರಿಗೋ ಸಪ್ಲೈಗೋ ಬದಲಾಯಿಸಿ ಕೊಡುವುದು ಹೋಟೆಲಿನ ಧಣಿಗಳಿಗೆ ದೊಡ್ಡ ಮಾತಲ್ಲ. ಈ ಲೇಖನ ಓದುವ ಧಣಿಗಳು ದಯವಿಟ್ಟು ಯೋಚಿಸಿ. ಬಿಗಿ ಜೀನ್ಸ್ ತೊಟ್ಟು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಗಂಟೆಗಟ್ಟಲೆ ಕೂರುವವರಿಗೂ ಇದೇ ಮಾತು.

ಬೀಡಿ, ಸಿಗರೇಟು, ಗುಟ್ಕಾ, ಅತಿಯಾದ ಕುಡಿತ ವೀರ್ಯಾಣುವಿನ ಸಂಖ್ಯೆಯನ್ನೂ ಚಲನೆಯನ್ನೂ ಕುಗ್ಗಿಸುತ್ತವೆ. ಸಕ್ಕರೆ ಕಾಯಿಲೆ ಹಳತಾದಾಗ ನರ ಸೋತು ವೀರ್ಯ ಹೊರಗೆ ಬರದೆ ಮೂತ್ರಕೋಶಕ್ಕೆ ಹಿಂದಕ್ಕೆ ಹೋಗಬಹುದು.

ಇತ್ತೀಚೆಗೆ ನನ್ನನ್ನು ಹೆಚ್ಚು ಚಿಂತೆಗೀಡು ಮಾಡಿರುವುದು ಜಿಮ್ಮಿನ ಇಂಜೆಕ್ಷನ್ನು. ಮೈಕಟ್ಟಿಗೆಂದು ಕೊಡುವ ಟೆಸ್ಟೋಸ್ಟಿರಾನ್, ಸ್ಟೀರಾಯ್ಡ್‌ಗಳು "ಗಂಡಸುತನದ ಹಾರ್ಮೋನ್" ಎಂದು ಹೇಳಿಕೊಂಡೇ ಮಾರಾಟವಾಗುತ್ತವೆ. ಆಗುವುದು ತದ್ವಿರುದ್ಧ. ಹೊರಗಿನಿಂದ ಹಾರ್ಮೋನ್ ಬಂದ ಕೂಡಲೇ ಮಿದುಳು ವೃಷಣಕ್ಕೆ "ನಿನ್ನ ಕೆಲಸ ಸಾಕು" ಎನ್ನುತ್ತದೆ. ವೀರ್ಯಾಣು ತಯಾರಿಕೆ ನಿಲ್ಲುತ್ತದೆ, ವೃಷಣ ಕುಗ್ಗುತ್ತದೆ. ಬಿಟ್ಟ ಮೇಲೆ ಸುಧಾರಿಸಲು ತಿಂಗಳುಗಳು, ಕೆಲವರಿಗೆ ವರ್ಷವೇ ಬೇಕು. ಅದೇ ಇಂಜೆಕ್ಷನ್ ಹೃದಯದ ಸ್ನಾಯುವನ್ನು ದಪ್ಪ ಮಾಡುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಇಳಿಸುತ್ತದೆ, ರಕ್ತವನ್ನು ಗಟ್ಟಿ ಮಾಡುತ್ತದೆ. ನಿಮ್ಮ ಮಗ ಜಿಮ್ಮಿಗೆ ಹೋಗುತ್ತಿದ್ದರೆ ಸಂತೋಷಪಡಿ, ಆದರೆ ಏನು ಚುಚ್ಚಿಸಿಕೊಳ್ಳುತ್ತಾನೆ ಎಂದೂ ಕೇಳಿ. "ಶಕ್ತಿ ಕಡಿಮೆ" ಎಂದು ಮಗುವಿಗಾಗಿ ಪ್ರಯತ್ನಿಸುತ್ತಿರುವ ಗಂಡಸಿಗೆ ಟೆಸ್ಟೋಸ್ಟಿರಾನ್ ಕೊಡುವುದು ಗಿಡದ ಬುಡಕ್ಕೆ ಬಿಸಿನೀರು ಹುಯ್ದಂತೆ.

ವೀರ್ಯಾಣು ಸೊನ್ನೆ ಎಂದು ಬಂದರೂ ಎಲ್ಲ ಮುಗಿಯಿತು ಎಂದಲ್ಲ. ತಯಾರಾಗುತ್ತಿದ್ದು ದಾರಿ ಮಾತ್ರ ಮುಚ್ಚಿರಬಹುದು. ಆಗ ವೃಷಣದಿಂದಲೇ ವೀರ್ಯಾಣು ತೆಗೆದು ಗರ್ಭಕಟ್ಟಿಸುವ ವಿಧಾನವಿದೆ.

*ಹೃದಯ ಕೊಡುವ ಮುನ್ಸೂಚನೆ*

ನಿಮಿರು ತೊಂದರೆಯನ್ನು ಗಂಡಸರು ಹೆಂಡತಿಯ ಹತ್ತಿರವೂ ಹೇಳುವುದಿಲ್ಲ. ಜಾಹೀರಾತು ನೋಡಿ ಗುಳಿಗೆ ತರಿಸಿ ನುಂಗುತ್ತಾರೆ. ಹೃದಯದ ಡಾಕ್ಟರಾಗಿ ನನ್ನ ಮಾತು ಇಷ್ಟು: ಶಿಶ್ನದ ರಕ್ತನಾಳ ಒಂದೆರಡು ಮಿಲಿಮೀಟರ್ ಅಗಲದ್ದು, ಹೃದಯದ್ದು ಮೂರು ನಾಲ್ಕು. ನಲ್ಲಿಯಲ್ಲಿ ಪಾಚಿ ಕಟ್ಟಿದರೆ ಸಣ್ಣ ಪೈಪೇ ಮೊದಲು ಕಟ್ಟಿಕೊಳ್ಳುವುದು. ಆದ್ದರಿಂದ ನಿಮಿರು ತೊಂದರೆ ಹೃದಯಾಘಾತಕ್ಕಿಂತ ಎರಡರಿಂದ ಐದು ವರ್ಷ ಮೊದಲೇ ಕಾಣಿಸಬಹುದು. ಮನಸ್ಸಿನ ಒತ್ತಡವೂ ಕಾರಣವಿರಬಹುದು, ಎಲ್ಲರಿಗೂ ಹೃದ್ರೋಗ ಎಂದು ನಾನು ಹೇಳುತ್ತಿಲ್ಲ. ಆದರೆ 30 ದಾಟಿದವರು ಇದನ್ನು ನಾಚಿಕೆ ಎಂದು ಮುಚ್ಚಿಡದೆ ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿಕೊಳ್ಳಲಿ. ಎದೆನೋವಿಗೆ ನೈಟ್ರೇಟ್ ಗುಳಿಗೆ ತೆಗೆದುಕೊಳ್ಳುವವರು ನಿಮಿರಿಕೆಯ ಗುಳಿಗೆ ನುಂಗಿದರೆ ಬಿಪಿ ಪಾತಾಳಕ್ಕಿಳಿದು ಪ್ರಾಣಕ್ಕೇ ಕುತ್ತು. ಇದನ್ನು ಮರೆಯಬೇಡಿ.

*ಹೆಂಗಸರಲ್ಲಿ ಕಾರಣಗಳು*

ಮೊದಲನೆಯದು ಅಂಡ ಸರಿಯಾಗಿ ಬಿಡುಗಡೆಯಾಗದಿರುವುದು. ಇದರ ದೊಡ್ಡ ಕಾರಣ ಪಿಸಿಓಎಸ್. ಸುಮಾರು ಹತ್ತು ಹೆಂಗಸರಲ್ಲಿ ಒಬ್ಬರಿಗೆ ಇರುತ್ತದೆ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ, ಗಲ್ಲದ ಮೇಲೆ ಕೂದಲು, ಮೊಡವೆ, ಏರುವ ತೂಕ ಇದರ ಲಕ್ಷಣ. ತೆಳ್ಳಗಿರುವವರಿಗೂ ಬರಬಹುದು. ತೂಕ ಹೆಚ್ಚಿರುವವರು ನೂರಕ್ಕೆ 5ರಿಂದ 10ರಷ್ಟು ತೂಕ ಇಳಿಸಿದರೆ ಹಲವರಲ್ಲಿ ಮುಟ್ಟು ತಾನಾಗಿಯೇ ಸರಿಹೋಗುತ್ತದೆ. 80 ಕಿಲೋ ಇದ್ದವರಿಗೆ ಅದು 4ರಿಂದ 8 ಕಿಲೋ, ಆಗದ ಮಾತಲ್ಲ. ಇಷ್ಟರಿಂದ ಆಗದಿದ್ದರೆ ಅಂಡ ಬಿಡುಗಡೆಗೆ ಕಡಿಮೆ ಖರ್ಚಿನ ಮಾತ್ರೆಗಳಿವೆ. ಪಿಸಿಓಎಸ್ ಇರುವವರಿಗೆ ಮುಂದೆ ಸಕ್ಕರೆ ಕಾಯಿಲೆ, ಬಿಪಿ ಬರುವ ಸಂಭವ ಹೆಚ್ಚು. ಮಗುವಾದ ಮೇಲೂ ವರ್ಷಕ್ಕೊಮ್ಮೆ ತಪಾಸಣೆ ಬಿಡಬಾರದು. ಥೈರಾಯ್ಡ್, ಪ್ರೊಲ್ಯಾಕ್ಟಿನ್ ಹಾರ್ಮೋನಿನ ಏರುಪೇರೂ ಅಂಡವನ್ನು ತಡೆಯುತ್ತವೆ. ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ, ಮಾತ್ರೆಯಲ್ಲಿ ಸರಿಹೋಗುತ್ತದೆ.

ಎರಡನೆಯದು ಗರ್ಭನಾಳ ಮುಚ್ಚಿಕೊಳ್ಳುವುದು. ಸೋಂಕು, ಸರಿಯಾಗಿ ಮಾಡದ ಗರ್ಭಪಾತ, ಹೊಟ್ಟೆಯ ಹಳೆಯ ಆಪರೇಷನ್ ಕಾರಣವಾಗಬಹುದು. ನಮ್ಮ ದೇಶದಲ್ಲಿ ಮರೆಯಲೇಬಾರದ ಕಾರಣ ಟಿಬಿ. ಟಿಬಿ ಎಂದರೆ ಕೆಮ್ಮು, ಕಫ ಎಂದಷ್ಟೇ ನಮಗೆ ಗೊತ್ತು. ಅದು ಸದ್ದಿಲ್ಲದೆ ಗರ್ಭನಾಳಕ್ಕೂ ಗರ್ಭಕೋಶದ ಒಳಪದರಕ್ಕೂ ಹೋಗುತ್ತದೆ. ಜ್ವರವಿಲ್ಲ, ಕೆಮ್ಮಿಲ್ಲ, ಮಕ್ಕಳಾಗಿಲ್ಲ ಎಂಬುದೇ ಕೆಲವೊಮ್ಮೆ ಮೊದಲ ಲಕ್ಷಣ. ಒಂದೇ ಕೋಣೆಯಲ್ಲಿ ಆರೇಳು ಜನ ಇದ್ದು ಬೆಳೆದ ಮನೆಗಳಲ್ಲಿ ಯಾರಿಗಾದರೂ ಹಿಂದೆ ಟಿಬಿ ಆಗಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ. ಸರ್ಕಾರಿ ಕಾರ್ಯಕ್ರಮದಲ್ಲಿ ಔಷಧಿ ಉಚಿತ. ಬೇಗ ಗೊತ್ತಾದಷ್ಟು ನಾಳ ಉಳಿಯುವ ಸಂಭವ ಹೆಚ್ಚು.

ಮೂರನೆಯದು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥ ಪದರ ಹೊರಗಡೆ ಬೆಳೆಯುವುದು. ಮುಟ್ಟಿನಲ್ಲಿ ಏಳಲಾಗದಷ್ಟು ನೋವು ಬಂದರೆ "ಹೆಂಗಸರಿಗೆ ಇದೆಲ್ಲ ಇದ್ದದ್ದೇ, ಮದುವೆಯಾದರೆ ಸರಿಹೋಗುತ್ತೆ" ಎಂದು ಹೇಳುವುದನ್ನು ನಾವು ನಿಲ್ಲಿಸಬೇಕು. ಅದು ತೋರಿಸಿಕೊಳ್ಳಬೇಕಾದ ನೋವು. ಫೈಬ್ರಾಯ್ಡ್ ಗಡ್ಡೆ ಎಲ್ಲ ಸಲ ಅಡ್ಡಿಯಲ್ಲ, ಗರ್ಭಕೋಶದ ಒಳಕ್ಕೆ ಚಾಚಿಕೊಂಡದ್ದು ಅಡ್ಡಿ.

ನಾಲ್ಕನೆಯದು ವಯಸ್ಸು. ಗಂಡಸಿಗೆ ವೀರ್ಯಾಣು ಜೀವನವಿಡೀ ಹೊಸದಾಗಿ ತಯಾರಾಗುತ್ತದೆ. ಹೆಣ್ಣುಮಗು ತನ್ನೆಲ್ಲ ಅಂಡಗಳನ್ನು ಹೊತ್ತೇ ಹುಟ್ಟುತ್ತದೆ. 35ರ ನಂತರ ಅವುಗಳ ಸಂಖ್ಯೆಯೂ ಗುಣವೂ ಬೇಗ ಇಳಿಯುತ್ತವೆ. ಮನೆ ಸಾಲ ತೀರಲಿ, ಪ್ರಮೋಷನ್ ಆಗಲಿ ಎಂದು ಮುಂದೂಡುವುದು ನಿಮ್ಮಿಬ್ಬರ ನಿರ್ಧಾರ, ಆದರೆ ಈ ಲೆಕ್ಕ ಗೊತ್ತಿದ್ದು ನಿರ್ಧರಿಸಿ. ಗಂಡನ ಪರೀಕ್ಷೆ ಎರಡು ವರ್ಷ ತಡವಾದರೆ ಕಳೆದುಹೋಗುವುದು ಹೆಂಡತಿಯ ಎರಡು ವರ್ಷ. ನಾನು ಗಂಡನ ಪರೀಕ್ಷೆ ಮೊದಲು ಎನ್ನುವುದಕ್ಕೆ ಇದೇ ಎಲ್ಲಕ್ಕಿಂತ ದೊಡ್ಡ ಕಾರಣ.

ಎಲ್ಲ ಪರೀಕ್ಷೆ ಸರಿಯಿದ್ದೂ ಮಗುವಾಗದ ಜೋಡಿಗಳೂ ಇದ್ದಾರೆ. ಮೊದಲ ಮಗುವಾಗಿ ಎರಡನೆಯದಾಗದವರೂ ಇದ್ದಾರೆ. "ಒಂದು ಆಗಿದೆಯಲ್ಲ" ಎಂದು ಅವರ ನೋವನ್ನು ತಳ್ಳಿಹಾಕಬೇಡಿ. ಅವರಲ್ಲೂ ಈ ನಡುವೆ ಗಂಡನ ಆರೋಗ್ಯ ಬದಲಾಗಿರಬಹುದು.

*ಹೃದಯದ ಔಷಧಿ ತೆಗೆದುಕೊಳ್ಳುವ ಹೆಣ್ಣುಮಕ್ಕಳಿಗೆ*

ಇದು ನನ್ನ ಕ್ಷೇತ್ರದ ಮಾತು, ಗಮನವಿಟ್ಟು ಓದಿ. ಬಿಪಿಗೆ ಕೊಡುವ ರಾಮಿಪ್ರಿಲ್, ಎನಲಾಪ್ರಿಲ್, ಟೆಲ್ಮಿಸಾರ್ಟಾನ್, ಲೊಸಾರ್ಟಾನ್ ಗರ್ಭದಲ್ಲಿರುವ ಮಗುವಿನ ಮೂತ್ರಪಿಂಡಕ್ಕೆ ಹಾನಿ ಮಾಡುತ್ತವೆ. ಮಗುವಿಗೆ ಪ್ರಯತ್ನಿಸುವ ಮೊದಲೇ ಬೇರೆ ಔಷಧಿಗೆ ಬದಲಾಯಿಸಿಕೊಳ್ಳಬೇಕು. ಕೊಲೆಸ್ಟ್ರಾಲ್ ಮಾತ್ರೆಯ ಬಗ್ಗೆಯೂ ಕೇಳಿ. ಕವಾಟ ಬದಲಾಯಿಸಿಕೊಂಡು ವಾರ್ಫರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಗರ್ಭಕ್ಕೆ ಮೊದಲೇ ಹೃದಯದ ಡಾಕ್ಟರನ್ನೂ ಸ್ತ್ರೀರೋಗ ತಜ್ಞರನ್ನೂ ಒಟ್ಟಿಗೆ ಕಾಣಬೇಕು. ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ, ಅದು ಇನ್ನೂ ಅಪಾಯ.

ಚಿಕ್ಕಂದಿನಲ್ಲಿ ಕೀಲುಜ್ವರ ಬಂದು ಕವಾಟ ಕಿರಿದಾಗಿರುವುದು ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತೇ ಇರುವುದಿಲ್ಲ. ಗರ್ಭಿಣಿಯಲ್ಲಿ ರಕ್ತದ ಪ್ರಮಾಣ ನೂರಕ್ಕೆ 40ರಿಂದ 50ರಷ್ಟು ಹೆಚ್ಚಾಗುತ್ತದೆ. ಆಗ ಉಸಿರು ಕಟ್ಟಿಕೊಂಡು ಕವಾಟದ ಸಮಸ್ಯೆ ಬಯಲಾಗುತ್ತದೆ. ಸಂತಾನ ಚಿಕಿತ್ಸೆಯ ಹಾರ್ಮೋನ್ ಇಂಜೆಕ್ಷನ್‌ಗಳಿಂದ ರಕ್ತ ಹೆಪ್ಪುಗಟ್ಟುವ ಸಂಭವವೂ ಸ್ವಲ್ಪ ಹೆಚ್ಚು. ಮೆಟ್ಟಿಲು ಹತ್ತಿದರೆ ಏದುಸಿರು ಬರುವವರು ಚಿಕಿತ್ಸೆಗೆ ಮೊದಲು ಒಂದು ಎಕೋ ಮಾಡಿಸಿ.

*ಚಿಕಿತ್ಸೆ, ಹಣ, ಕಾನೂನು*

ಎಲ್ಲರಿಗೂ ಐವಿಎಫ್ ಬೇಕಾಗುವುದಿಲ್ಲ. ತೂಕ, ತಂಬಾಕು, ಥೈರಾಯ್ಡ್ ಸರಿಪಡಿಸುವುದು ಮೊದಲ ಮೆಟ್ಟಿಲು. ಮಾತ್ರೆ ಎರಡನೆಯದು. ಶುದ್ಧಗೊಳಿಸಿದ ವೀರ್ಯವನ್ನು ಗರ್ಭಕೋಶಕ್ಕೆ ಸೇರಿಸುವ ಐಯುಐ ಮೂರನೆಯದು. ಐವಿಎಫ್ ಅದರಾಚೆಗೆ. ಎರಡೂ ನಾಳ ಮುಚ್ಚಿದ್ದರೆ, ವೀರ್ಯಾಣು ತೀರಾ ಕಡಿಮೆ ಇದ್ದರೆ, ವಯಸ್ಸು ಮೀರಿದ್ದರೆ ನೇರವಾಗಿ ಐವಿಎಫ್ ಬೇಕಾಗಬಹುದು. ಒಂದು ಪ್ರಯತ್ನಕ್ಕೇ ಎಲ್ಲರಿಗೂ ಮಗುವಾಗುವುದಿಲ್ಲ. ಖಾತ್ರಿ ಕೊಡುತ್ತೇವೆ ಎನ್ನುವ ಜಾಹೀರಾತು ನಂಬಿ ಊರಿನ ಜಾಗ ಮಾರಬೇಡಿ.

ಇದು ಶ್ರೀಮಂತರಿಗೆ ಮಾತ್ರ, ವಿದೇಶದ್ದು ಎಂದುಕೊಳ್ಳುವವರಿಗೆ ಒಂದು ನೆನಪು. ಮುಂಬಯಿಯ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ, ಮಹಾನಗರಪಾಲಿಕೆಯ ಆಸ್ಪತ್ರೆಯಲ್ಲಿ, 1986ರ ಆಗಸ್ಟ್ 6ರಂದು ಡಾ. ಇಂದಿರಾ ಹಿಂದುಜಾ ಮತ್ತು ವಿಜ್ಞಾನಿ ಡಾ. ಟಿ.ಸಿ. ಆನಂದ ಕುಮಾರ್ ಅವರ ತಂಡದ ಶ್ರಮದಿಂದ ಪ್ರನಾಳ ಶಿಶು ಜನಿಸಿತು. ಅದಕ್ಕೂ ಮೊದಲು 1978ರಲ್ಲೇ ಕೋಲ್ಕತ್ತಾದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯ ಇದನ್ನು ಸಾಧಿಸಿದ್ದರು. ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಕನಿಷ್ಠ ಮೊದಲ ಪರೀಕ್ಷೆಗಳನ್ನಾದರೂ ಕಡಿಮೆ ಖರ್ಚಿನಲ್ಲಿ ಮುಗಿಸಬಹುದು.

2021ರ ಕಾನೂನಿನ ಪ್ರಕಾರ ಇಂಥ ಕ್ಲಿನಿಕ್‌ಗಳು ನೋಂದಣಿ ಮಾಡಿಸಿರಲೇಬೇಕು. ಹೆಂಗಸಿಗೆ 21ರಿಂದ 50, ಗಂಡಸಿಗೆ 21ರಿಂದ 55 ವರ್ಷದ ಮಿತಿಯಿದೆ. ಇಬ್ಬರ ಲಿಖಿತ ಒಪ್ಪಿಗೆ ಬೇಕು. ಗಂಡು ಮಗುವೇ ಬೇಕೆಂದು ಆರಿಸುವುದು ಅಪರಾಧ. ನೋಂದಣಿ ಸಂಖ್ಯೆ ಕೇಳಿ, ಖರ್ಚನ್ನು ಬರೆಸಿಕೊಳ್ಳಿ.

*ಭಾಷೆಯ ತೊಂದರೆ, ಮನೆಯವರ ಪಾತ್ರ*

ಮದುವೆಯಾಗಿ ಹೊಸದಾಗಿ ಬಂದ ಹುಡುಗಿಗೆ ಮರಾಠಿಯೋ ತಮಿಳೋ ತೆಲುಗೋ ಬರುವುದಿಲ್ಲ. ಡಾಕ್ಟರ ಮುಂದೆ ಗಂಡನೋ ಅತ್ತೆಯೋ ಅವಳ ಪರವಾಗಿ ಮಾತಾಡುತ್ತಾರೆ. ಮದುವೆಗೆ ಮುಂಚಿನ ಟಿಬಿ, ಕೂಡುವಾಗಿನ ನೋವು, ಹಿಂದಿನ ಗರ್ಭಪಾತ ಇದನ್ನೆಲ್ಲ ಅವಳು ಹೇಗೆ ಹೇಳಿಯಾಳು? ಕನ್ನಡ ಬಲ್ಲ ಡಾಕ್ಟರನ್ನೋ ನರ್ಸನ್ನೋ ಹುಡುಕಿ. ಐದು ನಿಮಿಷ ಅವಳು ಡಾಕ್ಟರ ಜೊತೆ ಒಬ್ಬಳೇ ಮಾತಾಡಲು ಬಿಡಿ. ಗಂಡನಿಗೂ ಹಾಗೆಯೇ.

ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿ, ಸರ್ಪಸಂಸ್ಕಾರ ಮಾಡಿಸುವವರಿದ್ದಾರೆ. ನಾಗನಿಗೆ ತನು ಎರೆಯುವವರಿದ್ದಾರೆ. ನಂಬಿಕೆಗೆ ನಾನು ಅಡ್ಡ ಬರುವುದಿಲ್ಲ, ಮನಸ್ಸಿಗೆ ಧೈರ್ಯ ಸಿಗುತ್ತದಾದರೆ ಮಾಡಿ. ಊರಿಗೆ ಹೊರಡುವ ಮೊದಲು ವೀರ್ಯ ಪರೀಕ್ಷೆಗೆ ಕೊಟ್ಟು ಹೊರಡಿ, ಅಷ್ಟೇ. ಹರಕೆ ತೀರಿಸಿ ಬರುವಷ್ಟರಲ್ಲಿ ರಿಪೋರ್ಟೂ ಬಂದಿರುತ್ತದೆ.

ಅತ್ತೆಯಂದಿರಲ್ಲಿ, ಅಮ್ಮಂದಿರಲ್ಲಿ ಒಂದು ಕೋರಿಕೆ. "ಇಬ್ಬರೂ ತೋರಿಸಿಕೊಂಡಿರಾ?" ಎಂದು ಮಗನನ್ನು ಕೇಳಿ. ಈ ಒಂದು ಪ್ರಶ್ನೆ ನಿಮ್ಮ ಬಾಯಿಂದ ಬಂದರೆ ಅದಕ್ಕಿರುವ ತೂಕ ಡಾಕ್ಟರ ಚೀಟಿಗೂ ಇಲ್ಲ. ಸೀಮಂತಕ್ಕೆ, ತೊಟ್ಟಿಲು ತೂಗುವುದಕ್ಕೆ ಮಕ್ಕಳಾಗದವಳನ್ನು ದೂರವಿಡುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ಅದನ್ನು ನಿಲ್ಲಿಸಲು ಶಕ್ತಿ ಇರುವುದೂ ನಿಮಗೇ. ರಿಪೋರ್ಟ್ ಗಂಡ ಹೆಂಡತಿಯದು, ಅದನ್ನು ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ.

*ಈಗ ಮಾಡಬೇಕಾದ್ದು*

1. ಗಂಡ: ಈ ತಿಂಗಳೇ ವೀರ್ಯ ಪರೀಕ್ಷೆ. ಜೊತೆಗೆ ಬಿಪಿ, ಶುಗರ್, ಕೊಲೆಸ್ಟ್ರಾಲ್.
2. ಹೆಂಡತಿ: ಮುಟ್ಟಿನ ದಿನಾಂಕಗಳನ್ನು ಬರೆದಿಡಿ. ಥೈರಾಯ್ಡ್, ಶುಗರ್, ಬಿಪಿ ನೋಡಿಸಿ. ಫೋಲಿಕ್ ಆಸಿಡ್ ಮಾತ್ರೆಯನ್ನು ಗರ್ಭಕ್ಕೆ ಮೊದಲೇ ಶುರು ಮಾಡಲು ಡಾಕ್ಟರನ್ನು ಕೇಳಿ.
3. ಇಬ್ಬರೂ: ತಂಬಾಕು ಪೂರ್ತಿ ಬಂದ್. ದಿನಕ್ಕೆ ಅರ್ಧ ಗಂಟೆ ಚುರುಕು ನಡಿಗೆ, ಏಳು ಗಂಟೆ ನಿದ್ದೆ. ಮೂರು ತಿಂಗಳು ಬಿಡದೆ ಮಾಡಿ, ಹೊಸ ವೀರ್ಯಾಣು ತಯಾರಾಗಲು ಅಷ್ಟು ಕಾಲ ಬೇಕು.
4. ಡಾಕ್ಟರ ಬಳಿಗೆ ಹೋಗುವಾಗ ಇಬ್ಬರೂ ಒಟ್ಟಿಗೆ, ಹಳೆಯ ರಿಪೋರ್ಟು, ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ಸಮೇತ.

ಎಲ್ಲ ಪ್ರಯತ್ನದ ನಂತರವೂ ಮಗುವಾಗದಿರಬಹುದು. ಆಗ ದತ್ತು ಪಡೆಯಲು ಕೇಂದ್ರ ಸರ್ಕಾರದ ಕಾರಾ ಸಂಸ್ಥೆಯ ಮೂಲಕ ಕಾನೂನುಬದ್ಧ ದಾರಿಯಿದೆ. ಮಕ್ಕಳಿಲ್ಲದೆಯೂ ತುಂಬು ಬಾಳು ಬಾಳಿದ ಜೋಡಿಗಳನ್ನು ನಾವೆಲ್ಲ ನೋಡಿದ್ದೇವೆ. ಯಾವ ದಾರಿ ಹಿಡಿದರೂ ಅದು ಇಬ್ಬರೂ ಸೇರಿ ಹಿಡಿದ ದಾರಿಯಾಗಿರಲಿ.

ಈ ಬರಹವನ್ನು ಮುಂದೆ ಕಳುಹಿಸುವಾಗ ಹೆಂಗಸರ ಗ್ರೂಪಿಗೆ ಮಾತ್ರ ಹಾಕಬೇಡಿ. ಕ್ರಿಕೆಟ್ ಗ್ರೂಪಿಗೆ, ಆಫೀಸಿನ ಕನ್ನಡಿಗರ ಗ್ರೂಪಿಗೆ, ಹೋಟೆಲ್ ಹುಡುಗರ ಗ್ರೂಪಿಗೆ ಮೊದಲು ಹಾಕಿ.

– ನಿಮ್ಮವ, ಹೃದ್ರೋಗ ವೈದ್ಯ, ಎಂ.ಡಿ., ಮುಂಬಯಿ